ಕಾಲುವೆ ತಿಳಿಯಾಗಿದ್ದ ದಿನ

ಹೊಲಿಗೆ ಅಂಗಡಿಯಿಂದ
14ನೇ ತಾರೀಖು, ಗುರುವಾರ ಮಧ್ಯಾಹ್ನ

ಮುದ್ದಿನ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೇ? ಪರಊರಿನಲ್ಲಿ ನೂಲು ಆರಿಸಿ ಕೊಳ್ಳುವ ಭರದಲ್ಲಿ ಊಟ ಬಿಡಬೇಡ. ಹೂಂ ಅನ್ನುತ್ತೀಯ, ಬಿಡುತ್ತೀಯ. ನಿನ್ನ ಬಂಡವಾಳ ನನಗೆ ಗೊತ್ತಿಲ್ಲವೇ! ನಾನು ಚೆನ್ನಾಗಿದ್ದೇನೆ. ಅಪ್ಪ ನಿನ್ನ ಕೈಗೆ ಬಿಟ್ಟುಹೋದ ಬಣ್ಣದ ಮನೆಯನ್ನು ಕೆಲಸದವರು ನೀನಿಲ್ಲದೆಯೂ ನಡೆಸುತ್ತಿದ್ದಾರೆ. ಇವತ್ತು ನೂಲಿಗೆ ನೀಲಿ ಹಾಕಿ ತೊಟ್ಟಿ ಖಾಲಿ ಮಾಡಿದರು. ನನ್ನ ಕಿಟಕಿಯ ಕೆಳಗೆ ಕಾಲುವೆಯೆಲ್ಲ ನೀಲಿ. ಹೊಲಿಯುವುದನ್ನು ಮರೆತು ನೋಡುತ್ತಾ ಕೂತೆ. ಚಿಕ್ಕಂದಿನಲ್ಲಿ ಕೆಂಪು ನೀರು ಮುಂದೋ ನಾವು ಮುಂದೋ ಎಂದು ದಂಡೆಯ ಮೇಲೆ ಓಡುತ್ತಿದ್ದೆವಲ್ಲ? ಸೇತುವೆಯ ಹತ್ತಿರ ನಿಂತುಬಿಡುತ್ತಿದ್ದೆವು. ಆಚೆ ಯಾರಿದ್ದಾರೆ ಎಂದು ಒಂದು ದಿನವೂ ಕೇಳಲಿಲ್ಲ.

"ಸೂಜಿಗೂ ಆರೋಗ್ಯಕ್ಕೂ ಎಲ್ಲಿಯ ನಂಟು ಅಕ್ಕಾ?" ಎಂದು ನನ್ನ ಆರೋಗ್ಯ ಸಲಹಾ ಸಮಿತಿಯನ್ನು ಗೇಲಿ ಮಾಡುತ್ತಿದ್ದೆಯಲ್ಲ, ಈಗ ಕೇಳು. ಸೋಮವಾರ ಸಭೆಯಿತ್ತು. ಫ್ಯಾನು ತಿರುಗುತ್ತಿದ್ದರೆ, ಡಾಕ್ಟರಮ್ಮ ಓದುತ್ತಿದ್ದರೆ ನನಗೆ ಹಿತವಾದ ಮಂಪರು. ಜನರ ಪರವಾಗಿ ಬಂದ ನಮ್ಮ ಕ್ಷೌರಿಕನಂತೂ ಕೂತಲ್ಲೇ ಗೊರಕೆ. ಕಾಲುವೆ ನೀರಿನ ವರದಿ ಬಂದಿತ್ತು: ಬಣ್ಣವಿಲ್ಲ, ದೋಷವಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಬಟ್ಟೆ ಒಗೆಯುವ ಅಜ್ಜಿಯೂ ನಮ್ಮಂತೆ ಸದಸ್ಯೆ, ಸೇತುವೆಯಾಚೆ ಅವರ ಮನೆ. ಅವರು ಮಾತ್ರ ತಟ್ಟಲಿಲ್ಲ. ಜೊತೆಗೆ ತಂದಿದ್ದ ಮೊಮ್ಮಗಳ ಎರಡೂ ಕೈ ಹಿಡಿದು ಮೇಜಿನ ಮೇಲಿಟ್ಟರು. "ನೀರು ಚೆನ್ನಾಗಿದ್ರೆ ಇದೇನು ಹೇಳ್ರಮ್ಮಾ?" ಬೆರಳ ಸಂದಿಯಲ್ಲೆಲ್ಲ ಹುಣ್ಣು. ಆ ಮಗು ನನ್ನನ್ನು ನೋಡಿ ನಕ್ಕಿತು ಕಣೋ.

ಅಂದಿನಿಂದ ಹೊಲಿಗೆ ಮೆಷಿನ್ನಿನ ಮುಂದೆ ರೆಪ್ಪೆ ಮುಚ್ಚಿದರೆ ಸಾಕು, ನಾವಿಬ್ಬರೂ ಓಡುತ್ತಿರುತ್ತೇವೆ, ಈ ಸಲ ಸೇತುವೆಯನ್ನೂ ದಾಟಿಬಿಡುತ್ತೇವೆ. ಆಚೆ ಆ ಮಗು ನೀರಿನಲ್ಲಿ ಕೈಯದ್ದಿಕೊಂಡು ಕೂತಿರುತ್ತದೆ. ನೀನು ನನ್ನ ಸೆರಗು ಎಳೆದು, ವಾಪಸ್ ಹೋಗೋಣ ಅನ್ನುತ್ತೀಯ. ನಾನು ಅಲ್ಲೇ ನಿಂತಿರುತ್ತೇನೆ.

ಮಾತ್ರೆ ಮರೆಯಬೇಡ. ಎಲ್ಲಿದ್ದರೂ ತಣ್ಣಗಿರು, ನನ್ನಪ್ಪಾ.

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ
ಅಕ್ಕ

ಮತ್ತೆ: ಮರೆತಿರಲಿಲ್ಲ, ಧೈರ್ಯ ಸಾಲದೆ ಇದನ್ನು ಕೊನೆಗಿಟ್ಟೆ. ಹೋದ ತಿಂಗಳು, ಮಂಗಳವಾರ ನೀರಿನ ಮಾದರಿ ತೆಗೆಯಲು ಬರುತ್ತಾರೆ ಎಂದು ಸಮಿತಿಯಲ್ಲಿ ಕೇಳಿದ್ದನ್ನು ಊಟ ಬಡಿಸುತ್ತಾ ನಿನಗೆ ಹೇಳಿದವಳು ನಾನೇ. ಮನೆ ಮಾತಿನ ಹಾಗೆ ಬಾಯಿಗೆ ಬಂದುಬಿಟ್ಟಿತು. ಆ ದಿನ ನೀನು ಒಂದು ತೊಟ್ಟಿಯನ್ನೂ ಖಾಲಿ ಮಾಡಿಸಲಿಲ್ಲ. ಕಿಟಕಿಯಿಂದ ತಿಳಿನೀರು ನೋಡಿಯೂ ನಾನು ತುಟಿ ಬಿಚ್ಚಲಿಲ್ಲ. ನಿನ್ನೆ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿಬಿಟ್ಟೆ. ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಬಣ್ಣದ ಮನೆಗೆ ಬೀಗ ಬಿದ್ದರೂ ಬೀಳಬಹುದು. ಬೈಯುವುದಿದ್ದರೆ ಮನೆಗೆ ಬಂದು ಬೈಯಿ, ಅಲ್ಲೇ ಉಳಿದುಬಿಡಬೇಡ. ಮಾದರಿ ತೆಗೆಯಲು ಯಾವ ದಿನ ಬರುತ್ತೀರೆಂದು ನನಗೆ ಹೇಳಲೇಬೇಡಿ ಎಂದು ಅವರಲ್ಲಿ ಕೇಳಿಕೊಂಡಿದ್ದೇನೆ. ಗೊತ್ತಾದರೆ ನಿನಗೆ ಹೇಳದೆ ಇರಲಾರೆ.