ಅಟ್ಟದ ಮೇಲಿನ ನೊಣ

೧೪ ಜೂನ್ ೨೦೨೪, ಶುಕ್ರವಾರ

ಸಂಜೆ ಮಗಳು ಸ್ಪಂದನ ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು. "ಅಮ್ಮ, 'ಫ್ಲೈ ಆನ್ ದ ವಾಲ್' ಅಂದ್ರೇನು?"

"ಗೋಡೆ ಮೇಲಿನ ನೊಣ ಕಣೇ. ಯಾರಿಗೂ ಗೊತ್ತಾಗ್ದಂಗೆ ಕೂತು ಎಲ್ಲಾ ನೋಡೋದು, ಕೇಳೋದು."

"ಹಂಗಾದ್ರೆ ಒಂದು ವಾಕ್ಯ ಮಾಡ್ಕೊಡು."

"ಆಮೇಲೆ ಮಾಡ್ಕೊಡ್ತೀನಿ, ಜಾಗ ಬಿಟ್ಟಿರು" ಎಂದೆ.

ಬೆಳಿಗ್ಗೆ ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಬತ್ತಿದೆಯೇ ಎಂದು ಕೇಳುತ್ತಿದ್ದೆ. ಅದಕ್ಕೆ ಸದ್ದಿಲ್ಲದೆ ಕೂರಬೇಕು. ನಾನು ತೋಟಕ್ಕೆ ಹೋಗಿದ್ದೇನೆ ಅಂದುಕೊಂಡರೋ ಏನೋ, ಕೆಳಗೆ ಅತ್ತೆ ಇವರಿಗೆ ಹೇಳುತ್ತಿದ್ದರು: "ನನ್ ಕಂಕುಳಲ್ಲಿ ಗಂಟಾಗಿರೋದು ವಸಂತಂಗೆ ಹೇಳ್ಬೇಡ ಕಣಪ್ಪ. ಅವ್ಳ ಅವ್ವನೂ ಇದ್ರಲ್ಲೇ ಹೋಗಿದ್ದು. ಗೊತ್ತಾದ್ರೆ ಊಟ ಬುಟ್ಬುಡ್ತಾಳೆ."

ಇವರು "ಹೂಂ" ಅಂದರು, ಅಷ್ಟೇ. ಕೈಯಲ್ಲಿದ್ದ ಕಾಯಿ ಒಣಗಿತ್ತೋ ಇಲ್ಲವೋ, ನೆನಪಿಲ್ಲ. ಇಬ್ಬರೂ ಹೊರಗೆ ಹೋಗುವವರೆಗೆ ಏಣಿ ಇಳಿಯಲಿಲ್ಲ.

ಈಗ ಗೊತ್ತಿದೆ ಎಂದು ಹೇಳಲೇ? ಆಸ್ಪತ್ರೆಗೆ ಯಾವಾಗ ಹೋಗ್ತೀರಿ ಎಂದು ಯಾವ ಬಾಯಲ್ಲಿ ಕೇಳಲಿ? ಸ್ಪಂದನಳ ನೋಟ್‌ಬುಕ್ಕಿನಲ್ಲಿ ಆ ಸಾಲು ಇನ್ನೂ ಖಾಲಿ.

ಊಟಕ್ಕೆ ಕೂತಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಯಾಕೆ ವಸಂತ, ಮುದ್ದೆ ಹಂಗೇ ಐತಲ್ಲ?"

ತಿಂದೆ. ಇನ್ನೊಂದು ಮುದ್ದೆ ಹಾಕಿಸಿಕೊಂಡು ಅದನ್ನೂ ತಿಂದೆ.