ಎಡಗೆನ್ನೆ

ರಾಜಾಜಿನಗರ, ಬೆಂಗಳೂರು
12-2-1995, ಭಾನುವಾರ

ಮಗಳು ಜೀವಿತಾಳಿಗೆ,

ಮೊದಲು ನಿನ್ನ ಕೈಲಿ ಬೈಸಿಕೊಂಡುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಇಲ್ಲಿಗೆ ಬಂದ ವಾರದಲ್ಲೇ ಬರೆಯುತ್ತೇನೆಂದು ಹೇಳಿ ಕಳಿಸಿದವಳು ಏಳು ವಾರ ಕಳೆದ ಮೇಲೆ ಕೂತಿದ್ದೇನೆ. ಮೂರು ಸಲ ಶುರು ಮಾಡಿ ಮೂರೂ ಸಲ ಹರಿದೆ. ಇನ್‌ಲ್ಯಾಂಡ್ ಲೆಟರಿಗೆ ಹಿಡಿಸುವ ವಿಷಯವಲ್ಲವೆಂದು ಇವತ್ತು ಉದ್ದನೆಯ ಹಾಳೆಗಳನ್ನೇ ತರಿಸಿದ್ದೇನೆ.

ನಿನ್ನ ಮಾವ ಜ್ಞಾನೇಶನ ಕಾಲಿನ ಪ್ಲಾಸ್ಟರ್ ಬಿಚ್ಚಿದರು. ಸ್ಕೂಟರಿನಿಂದ ಬಿದ್ದ ತಮ್ಮನನ್ನು ನೋಡಿಕೊಳ್ಳಲೆಂದು ಬಂದರೆ, ಅವನು ಈಗ ಕುಂಟಿಕೊಂಡು ಅಡುಗೆಮನೆಗೇ ಬಂದು ನನ್ನ ಸಾರಿಗೆ ಹುಳಿ ಸಾಲದು ಅನ್ನುತ್ತಾನೆ. ಅಲ್ಲಿಗೆ ವಾಸಿಯಾಯಿತು ಎಂದು ತಿಳಿದುಕೋ. ನಿಮ್ಮಪ್ಪ ವಾರಕ್ಕೊಂದು ಕಾರ್ಡು ಹಾಕುತ್ತಾರೆ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಇನ್ನೂ ಪೂರ್ತಿ ಒಣಗಿಲ್ಲ, ಅಲ್ಲಾಡಿಸಿದರೆ ಗೊಡಗೊಡ ಅನ್ನುತ್ತಿಲ್ಲ ಎಂದು ಮುಕ್ಕಾಲು ಕಾರ್ಡು. ಉಳಿದ ಕಾಲು ಭಾಗದಲ್ಲಿ, ‘ಜೀವಿತ ಬರೆದಳಾ?’ ಅಷ್ಟೇ.

ನೀನು ಬರೆದಿಲ್ಲ. ತಪ್ಪೆಂದು ನಾನು ಹೇಳುವುದಿಲ್ಲ. ಸ್ಕೂಲಿಗೆ ಹತ್ತಿರವಾಗುತ್ತದೆ ಎಂದು ಕಂದಿಕೆರೆಯ ಪುಟ್ಟಗಂಗಮ್ಮನ ಮನೆಯಲ್ಲಿ ರೂಮು ಮಾಡಿ ಹತ್ತು ತಿಂಗಳಾಯಿತು. ಅದಕ್ಕೆ ಮುಂಚೆ ಎರಡು ವರ್ಷ ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಅದೇ ಸ್ಕೂಲಿಗೆ ಹೋಗಿ ಬರುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ದೂರ ಯಾಕಾಯಿತೆಂದು ನನಗೆ ಗೊತ್ತಿಲ್ಲವೇ? ಪುಟ್ಟಗಂಗಮ್ಮ ನಮ್ಮ ಮನೆಗೆ ಬಂದಿದ್ದಾಗ ಇನ್ನೊಂದು ಮಾತೂ ಹೇಳಿದಳು. ಓಟಿನ ಗುರುತಿನ ಚೀಟಿಗೆ ಫೋಟೋ ತೆಗೆಯುವವರು ನಿಮ್ಮ ಸ್ಕೂಲಿಗೇ ಬಂದಿದ್ದರಂತಲ್ಲ. "ನಮ್ ಟೀಚರಮ್ಮ ಊರೋರ್ನೆಲ್ಲ ಸಾಲಾಗಿ ನಿಲ್ಲಿಸಿ, ತಲೆ ಬಾಚ್ಸಿ, ಕುರ್ಚಿ ಮ್ಯಾಲೆ ಕೂರ್ಸಿದ್ರು ಕಣ್ರವ್ವ. ತಾವು ಮಾತ್ರ ಕೂರ್ಲಿಲ್ಲ. ಕೇಳಿದ್ರೆ, ನಂದು ಬ್ಯಾಡ ಬುಡು ಅಂದ್ಬುಟ್ರು" ಅಂದಳು.

ಅವತ್ತಿನಿಂದ ಒಂದು ಹುಳ ತಲೆ ಹೊಕ್ಕಿತು. ಇವಳು ಇನ್ನು ಯಾರ ಕ್ಯಾಮೆರಾದ ಮುಂದೂ ಕೂರುವುದಿಲ್ಲ. ನಾನೇ ಕಲಿತು ನಾನೇ ತೆಗೆದರೆ? ಇಲ್ಲಿಗೆ ಬಂದ ಮೇಲೆ ಕಲಿಯಲು ಹೋಗುತ್ತಿದ್ದೇನೆ ಎಂದು ನಿಮ್ಮಪ್ಪನಿಗೆ ಎದುರುಮನೆಯ ಫೋನಿನಲ್ಲಿ ಹೇಳಿದಾಗ ಅವರು, "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ನಲವತ್ತಾರಕ್ಕೇ ಬಂತೇನೇ?" ಎಂದು ನಕ್ಕರು. ನೀನೂ ನಗು, ಪರವಾಗಿಲ್ಲ.

ಕಲಿಸುವವರು ಹಿಂದಿನ ಬೀದಿಯ ಯಮುನಮ್ಮ. ಹುಳಿಯಾರಿನ ಪಕ್ಕದ ಒಂದು ಗೊಲ್ಲರಹಟ್ಟಿಯ ಹೆಣ್ಣುಮಗಳು. ಗಂಡ ತೋಟಗಾರಿಕೆಯ ಒಂದು ಕಚೇರಿಯಲ್ಲಿ ಫೋಟೋಗ್ರಾಫರ್ ಆಗಿದ್ದರಂತೆ. ಅವರು ತೀರಿಕೊಂಡಾಗ ಅನುಕಂಪದ ಮೇಲೆ ಆ ಕೆಲಸ ಇವರಿಗೆ ಬಂತು. ಇಪ್ಪತ್ತೆರಡು ವರ್ಷ ಚುಕ್ಕೆ ಬಿದ್ದ ಎಲೆ, ಹುಳ ತಿಂದ ಸುಳಿ, ಕಾಂಡ ಸೋರುವ ತೆಂಗಿನ ಮರ ಇವುಗಳ ಫೋಟೋ ತೆಗೆದೇ ನಿವೃತ್ತರಾಗಿದ್ದಾರೆ. ಈಗ ಮನೆಯಲ್ಲಿ ಕಲಿಸುತ್ತಾರೆ, ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಅವರ ಡಾರ್ಕ್‌ರೂಮ್ ಎಂದರೆ ಬಚ್ಚಲುಮನೆ, ಇಬ್ಬರಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಪಾಳಿ.

ಮೊದಲನೇ ದಿನ ಊರಿನಿಂದ ತಂದಿದ್ದ ಎರಡು ತೆಂಗಿನಕಾಯಿ ತೆಗೆದುಕೊಂಡು ಹೋಗಿದ್ದೆ. ಒಂದನ್ನು ಕಿಟಕಿಯಲ್ಲಿಟ್ಟು, "ನೋಡ್ತಾ ಕೂತ್ಕಳಿ" ಅಂದರು. ಎರಡು ಗಂಟೆ ನೋಡಿದೆ. ಮಾರನೇ ದಿನವೂ ಅದೇ ಕಾಯಿ, ಅದೇ ಕಿಟಕಿ. ನನಗೆ ರೇಗಿತು. ತೆಂಗಿನಕಾಯಿ ನೋಡಲು ತಿಪಟೂರಿನವಳು ಬೆಂಗಳೂರಿಗೆ ಬರಬೇಕಿತ್ತೇ ಎಂದು ಕೇಳಿಯೇಬಿಟ್ಟೆ. "ನೀವು ಕಾಯಿ ಮಾರೋರು, ಗಾತ್ರ ನೋಡ್ತೀರಿ. ಅದ್ರ ಮ್ಯಾಲೆ ಬೆಳಕು ಎಲ್ಲಿ ಮುಗೀತದೆ ಹೇಳಿ ನೋಡಾನ" ಅಂದರು. ಹೇಳಲು ಬರಲಿಲ್ಲ. ಮೂರನೇ ದಿನ ಹೇಳಲು ಬಂತು.

ಕ್ಯಾಮೆರಾ ಕೈಗೆ ಬಂದ ಮೇಲೆ ಮಾಡಿದ ಘನಕಾರ್ಯ ಕೇಳು. ಒಂದು ರೋಲು ಪೂರ್ತಿ ತೆಗೆದೆ. ಜ್ಞಾನೇಶನ ಮುರಿದ ಕಾಲು, ಸೊಪ್ಪಿನವಳು, ಎದುರುಮನೆಯ ತುಳಸಿಕಟ್ಟೆ, ಒಂದನ್ನೂ ಬಿಡಲಿಲ್ಲ. ತೊಳೆದರೆ ಫಿಲ್ಮು ಖಾಲಿ. ಒಳಗೆ ಅದರ ತುದಿ ಸಿಕ್ಕಿಕೊಂಡೇ ಇರಲಿಲ್ಲವಂತೆ. ಮೂವತ್ತಾರು ಸಲ ಸುಮ್ಮನೆ ಗುಂಡಿ ಒತ್ತಿದ್ದೆ. ಯಮುನಮ್ಮ ನಕ್ಕು ನಕ್ಕು ಬಚ್ಚಲ ಹೊಸಿಲ ಮೇಲೆ ಕೂತುಬಿಟ್ಟರು. ಈಗ ಹಾಗಾಗುವುದಿಲ್ಲ. ನನ್ನ ಕೈಯಿಂದ ಔಷಧಿ ವಾಸನೆ ಮಾತ್ರ ಹೋಗುವುದಿಲ್ಲ, ನಾನು ಕಲಸಿದ ಅನ್ನ ಜ್ಞಾನೇಶ ಮುಟ್ಟುವುದಿಲ್ಲ.

ಹೋದ ಮಂಗಳವಾರ ಯಮುನಮ್ಮ, ಮನೆಯಲ್ಲಿ ಯಾವುದಾದರೂ ಹಳೇ ನೆಗೆಟಿವ್ ಇದ್ದರೆ ತನ್ನಿ, ಪ್ರಿಂಟು ಹಾಕುವುದನ್ನು ಕಲಿಸುತ್ತೇನೆ ಅಂದರು. ನನ್ನ ಪೆಟ್ಟಿಗೆಯ ತಳದಲ್ಲಿ ಒಂದೇ ಒಂದು ಇತ್ತು. ನಿನ್ನದು. ಬೆಟ್ಟಸ್ವಾಮಿ ಸ್ಟುಡಿಯೋದಲ್ಲಿ ತೆಗೆಸಿ ತುರುವೇಕೆರೆಯ ಗಂಡಿನ ಕಡೆಯವರಿಗೆ ಕಳಿಸಿದ್ದೆವಲ್ಲ, ಆ ಫೋಟೋದ್ದು.

ಅವರು ನಿನ್ನನ್ನು ನೋಡಲು ಬಂದ ದಿನವನ್ನು ನಿನಗೆ ನೆನಪಿಸಬಾರದು, ಆದರೆ ಅದನ್ನು ದಾಟಿ ಮುಂದೆ ಬರೆಯಲಾರೆ. ನೀನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದೆ. ಹುಡುಗನ ತಾಯಿ ಕೈಯಲ್ಲಿದ್ದ ಫೋಟೋ ನೋಡಿದರು, ನಿನ್ನ ಎಡಗೆನ್ನೆಯ ಮಚ್ಚೆ ನೋಡಿದರು. ಎಂಟಾಣೆಯಷ್ಟು ಅಗಲದ, ಹುಟ್ಟಿನಿಂದ ಬಂದ ಆ ಮಚ್ಚೆ ಫೋಟೋದಲ್ಲಿ ಇರಲಿಲ್ಲ. "ಇದ್ರಾಗಿರೋ ಹುಡ್ಗಿ ಎಲ್ಲವ್ಳೆ? ಅವ್ಳ್ನ ಕರೀರಿ" ಅಂದರು. ನೀನು ತಟ್ಟೆ ಕೆಳಗಿಟ್ಟು, "ಅವ್ಳು ಸ್ಟುಡಿಯೋದಲ್ಲವ್ಳೆ, ಅಲ್ಲಿಗೇ ಹೋಗಿ ನೋಡ್ಕಳಿ" ಎಂದು ಒಳಗೆ ಹೋದೆ. ಅವರು ಎದ್ದು ಹೋದರು. ನಿಮ್ಮಪ್ಪ ಚಪ್ಪಲಿ ಕೂಡ ಮೆಟ್ಟದೆ ಸ್ಟುಡಿಯೋಗೆ ಹೋಗಿ, ನಾಲ್ಕು ಜನರ ಮುಂದೆ ಬೆಟ್ಟಸ್ವಾಮಿಯ ಮಾನ ಕಳೆದು, ಆ ನೆಗೆಟಿವ್ ಕಿತ್ತುಕೊಂಡು ಬಂದರು. ಆತ "ತಪ್ಪಾಯ್ತು ಬುಡಿ ಸ್ವಾಮಿ" ಅಂದನಂತೆ, ಮತ್ತೇನೂ ಅನ್ನಲಿಲ್ಲವಂತೆ. ಊರಿನಲ್ಲಿ ಸುಮಾರು ಜನ ಆಮೇಲೆ ಹೆಣ್ಣುಮಕ್ಕಳ ಫೋಟೋಗೆ ಅವನ ಹತ್ತಿರ ಹೋಗುವುದನ್ನೇ ಬಿಟ್ಟರು.

ಯಮುನಮ್ಮ ನೆಗೆಟಿವ್ ಅನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಕೆನ್ನೆಯ ಜಾಗದಲ್ಲಿ ಮಿರಮಿರ ಮಿಂಚುತ್ತಿತ್ತು. "ಇಲ್ಲಿ ಪೆನ್ಸಿಲ್ ಆಡ್ಸವ್ರೆ ಕಣ್ರೀ. ಒಳ್ಳೇ ಕೈ. ಏನ್ ಮುಚ್ಚಿದ್ದು?" ಅಂದರು. ಮಚ್ಚೆ ಅಂದೆ. "ನಾನು ಜೀವಮಾನವೆಲ್ಲ ಎಲೆ ಮ್ಯಾಲಿನ ಚುಕ್ಕೆ ಕಾಣ್ಲಿ ಅಂತ್ಲೇ ಫೋಟೋ ತೆಗೆದೋಳು" ಅಂದರು. ನನ್ನ ಮಗಳ ಮಚ್ಚೆ ರೋಗವಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. "ಅಲ್ಲ ಕಣಮ್ಮ, ಅಲ್ಲ. ಅಂಗಾದ್ರೆ ಮುಚ್ಸಿದ್ಯಾರು?" ಅಂದರು. ಸ್ಟುಡಿಯೋದವನು ಅಂದೆ. ಅವರು ನನ್ನ ಮುಖ ನೋಡದೆ, "ಯಾರೂ ಹೇಳ್ದೆ ಯಾವ ಸ್ಟುಡಿಯೋದೋನೂ ಇಷ್ಟೊತ್ತು ಕೂತು ಗೀಚಕ್ಕಿಲ್ಲ" ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಸೆರಗು ಸರಿ ಮಾಡಿಕೊಂಡೆ.

ಹೌದು ಜೀವಿತಾ. ಹೇಳಿದವಳು ನಾನು. ನೀನು ಫೋಟೋ ತೆಗೆಸಿ ಬಂದ ಮಾರನೇ ದಿನ ರಾಗಿ ಬೀಸಿಸುವ ನೆಪದಲ್ಲಿ ಹೋಗಿ, ಆ ಮಚ್ಚೆ ತೆಗೆದುಬಿಡಿ ಅಂದೆ. ಬೆಟ್ಟಸ್ವಾಮಿ, "ಮಗೂಗೆ ಒಂದ್ ಮಾತು ಹೇಳಿದ್ದೀರೇನಮ್ಮಾ?" ಎಂದು ಕೇಳಿದ. ಹೇಳಿದ್ದೇನೆ ಅಂದೆ. ಸುಳ್ಳು. ಹುಡುಗ ಒಂದು ಸಲ ಬಂದು ನಿನ್ನ ಮಾತು ಕೇಳಿದರೆ ಸಾಕು, ಮಚ್ಚೆ ಗಿಚ್ಚೆ ಯಾವ ಲೆಕ್ಕ ಎಂದು ನನ್ನ ಎಣಿಕೆ. ಅವನ ಮೇಲೆ ಬೈಗುಳ ಬಿದ್ದಾಗ ನಾನು ಮನೆಯಲ್ಲಿ ಉಪ್ಪಿಟ್ಟಿನ ಪಾತ್ರೆ ತೊಳೆಯುತ್ತಿದ್ದೆ. ಹತ್ತು ತಿಂಗಳು ಆ ಮನುಷ್ಯ ನನ್ನ ಹೆಸರು ಎತ್ತಲಿಲ್ಲ.

ಇದನ್ನು ಯಮುನಮ್ಮನಿಗೆ ಹೇಳಿದೆ. ಅವರು ಹತ್ತಿಗೆ ಟರ್ಪೆಂಟೈನ್ ಎಣ್ಣೆ ಮುಟ್ಟಿಸಿ ನನ್ನ ಕೈಗೆ ಕೊಟ್ಟು, "ನೀವೇ ಒರಸ್ರಿ, ನಿಧಾನ" ಅಂದರು. ಮೂರು ಸಲ ಸವರುವಷ್ಟರಲ್ಲಿ ಪೆನ್ಸಿಲ್ ಎಲ್ಲ ಹತ್ತಿಗೆ ಬಂತು. ಅಷ್ಟೇ ಇತ್ತು ನೋಡು. ಆಮೇಲೆ ಕೆಂಪು ದೀಪದಲ್ಲಿ ಪ್ರಿಂಟು ಹಾಕಿ ತಟ್ಟೆಯ ಔಷಧಿ ನೀರಿನಲ್ಲಿ ಕಾಗದ ಅಲ್ಲಾಡಿಸಿದೆ. ಮೊದಲು ನಿನ್ನ ಜಡೆ ಬಂತು, ಕಣ್ಣು ಬಂತು, ರವಿಕೆಯ ಅಂಚು ಬಂತು. ಕೊನೆಗೆ ಮಚ್ಚೆ. ನಾನು ಅತ್ತುಬಿಟ್ಟೆ. ಎಷ್ಟು ಚೆನ್ನಾಗಿದ್ದೀಯೆ! ಪರೀಕ್ಷೆಯಲ್ಲಿ ಹುಡುಗರು ಕಾಪಿ ಹೊಡೆಯುತ್ತಾರೇನೋ ಎಂದು ನೋಡುವ ಟೀಚರಿನ ಮುಖ, ನನಗೆ ಹೆದರಿಕೆಯಾಗುವ ಮುಖ. ಆ ಪ್ರಿಂಟು ಈ ಕಾಗದದ ಜೊತೆಗಿದೆ. ಒಂದು ಮೂಲೆ ಸ್ವಲ್ಪ ಕಪ್ಪಾಗಿದೆ, ಅದು ನನ್ನ ಕೈಚಳಕ.

ನಿಮ್ಮಪ್ಪನಿಗೂ ಎಲ್ಲ ಬರೆದು ಇವತ್ತೇ ಬೇರೆ ಕವರಿಗೆ ಹಾಕಿದ್ದೇನೆ. ಅವರು ಓದಿ ಎಷ್ಟು ಕೂಗಾಡುತ್ತಾರೋ ಕೂಗಾಡಲಿ. ಬರುವ ಭಾನುವಾರ ತಿಪಟೂರಿನಲ್ಲಿ ಬಸ್ಸಿಳಿದು ಮನೆಗೆ ಮುಂಚೆ ಬೆಟ್ಟಸ್ವಾಮಿಯ ಅಂಗಡಿಗೆ ಹೋಗುತ್ತೇನೆ. ನಾಲ್ಕು ಜನರ ಮುಂದೆ ಹೋದ ಮಾನ ನಾಲ್ಕು ಜನರ ಮುಂದೆಯೇ ವಾಪಸು ಕೊಡಬೇಕು.

ಅದರ ಮುಂದಿನ ವಾರ ಕಂದಿಕೆರೆಗೆ ಬರಲೇ? ಯಮುನಮ್ಮ ತಮ್ಮ ಹಳೇ ಕ್ಯಾಮೆರಾ ಕೊಡುತ್ತೇನೆ ಅಂದಿದ್ದಾರೆ. ನೀನು ತಾ ಅಂದರೆ ತರುತ್ತೇನೆ, ಬೇಡ ಅಂದರೆ ಚಕ್ಕುಲಿ ಡಬ್ಬ ಒಂದನ್ನೇ ತರುತ್ತೇನೆ. ಬರಲೇಬೇಡ ಅಂದರೆ ಅದನ್ನೂ ಒಂದು ಕಾರ್ಡಿನಲ್ಲಿ ಬರೆದು ಹಾಕು, ಬರೀ ಸುಮ್ಮನಿರಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿದ್ಧರಾಮೇಶ್ವರ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಮ್ಮ,
ಸರ್ವಮಂಗಳ

ತಾ.ಕ.: ಕವರು ಅಂಟಿಸಿದ್ದವಳು ಮತ್ತೆ ಬಿಚ್ಚಿದ್ದೇನೆ. ಹಳೆಯ ಫೋಟೋಗಳನ್ನು ಕಾಪಿ ಮಾಡುವುದನ್ನು ಕಲಿಯಲೆಂದು ನಿಮ್ಮಪ್ಪನಿಂದ ಮನೆಯ ಆಲ್ಬಮ್ ತರಿಸಿಕೊಂಡಿದ್ದೆ. ನಿನ್ನೆ ಯಮುನಮ್ಮನ ಜೊತೆ ಕೂತು ನೋಡಿದೆ. ನಿನ್ನ ಹೆಸರಿಡುವ ದಿನದಿಂದ ಹಿಡಿದು ಟಿ.ಸಿ.ಎಚ್. ಮುಗಿಸಿದ ವರ್ಷದವರೆಗೆ ಹನ್ನೊಂದು ಫೋಟೋ ಇವೆ. ಹನ್ನೊಂದರಲ್ಲೂ ನಿನ್ನ ಬಲಗೆನ್ನೆ ಮಾತ್ರ ಇದೆ. ನೀನು ನಾಚಿಕೆಯ ಮಗು, ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ಹೇಳಿ ಹೇಳಿ ನಂಬಿಯೂ ಬಿಟ್ಟಿದ್ದೆ. ನಿನಗೆ ನಾಲ್ಕು ವರ್ಷವಾದಾಗ ಮರದ ಕುದುರೆಯ ಮೇಲೆ ಕೂರಿಸಿ ತೆಗೆಸಿದ ಫೋಟೋದ ಅಂಚಿನಲ್ಲಿ ಒಂದು ಕೈ ಬಂದಿದೆ. ಹಸಿರು ಬಳೆಯ ಕೈ, ನಿನ್ನ ಗಲ್ಲ ಹಿಡಿದು ಆ ಕಡೆಗೆ ತಿರುಗಿಸುತ್ತಿದೆ. ಯಮುನಮ್ಮ ಇದು ಯಾರ ಕೈ ಎಂದು ಕೇಳಲಿಲ್ಲ. ಅವತ್ತು ನೀನು "ಅಮ್ಮಾ, ನೋಯ್ತೈತೆ" ಅಂದಿದ್ದೆ. ಫೋಟೋ ಆಗುವವರೆಗೂ ನಾನು ಕೈ ಬಿಡಲಿಲ್ಲ.