ಮನೆಗೆ ಹೋದವರ ಕುರ್ಚಿಗಳು

ಜುಲೈ 1, ಸೋಮವಾರ

ಆಸ್ಪತ್ರೆ, ಎರಡನೇ ಮಹಡಿ. ಬೆಳಿಗ್ಗೆಯೆಲ್ಲ ಡಿಸ್ಚಾರ್ಜ್ ಅಂಕಿಗಳನ್ನು ತಾಳೆ ನೋಡಿದೆ. ಡಾಕ್ಟರ ಸಹಿಯಿಂದ ರೋಗಿ ಹೊರಡುವವರೆಗೆ ಮೊದಲು ಐದು ಗಂಟೆ ಹಿಡಿಯುತ್ತಿತ್ತು. ಈಗ ಒಂದೂವರೆ. ಎರಡು ಗಂಟೆಯೊಳಗಾದರೆ ಬೋರ್ಡಿನಲ್ಲಿ ಹಸಿರು, ಮೀರಿದರೆ ಕೆಂಪು. ಸೂಪರಿಂಟೆಂಡೆಂಟರು ಹಿಗ್ಗಿದ್ದಾರೆ.

"ಇಂಡಸ್ಟ್ರಿಯಲ್ ಎಂಜಿನಿಯರಿಂಗು ಕಾರ್ಖಾನೆಗೆ ಮಾತ್ರ ಅಂದ್ಕೊಂಡಿದ್ದೆ ಮೇಡಂ. ನೀವು ನಮ್ಮ ಕೈಗುಣಾನೂ ಮೀರಿಸಿಬಿಟ್ರಿ."

ನಂಬಿಕೆ ಬರಲಿಲ್ಲ. ಬಿಲ್ಲಿನ ಸಾಲು ಅಷ್ಟೇ ಉದ್ದವಿದೆ. ಔಷಧಿ ಕೌಂಟರೂ ಹಾಗೇ ಇದೆ. ಹೊತ್ತು ಮಾತ್ರ ಎಲ್ಲಿ ಕರಗಿತು?

ಮಧ್ಯಾಹ್ನ ಹೋಗಿ ನೋಡಿದೆ. ಲಿಫ್ಟಿನ ಪಕ್ಕದ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಸಹಿ ಬಿದ್ದವರನ್ನು ಹಾಸಿಗೆಯಿಂದ ಎಬ್ಬಿಸಿ ಅಲ್ಲಿ ತಂದು ಕೂರಿಸುತ್ತಾರೆ. ಬಿಲ್ಲು, ಔಷಧಿ ಎಲ್ಲ ಮುಗಿಯುವವರೆಗೆ ಅಲ್ಲೇ. ಡಿಸ್ಚಾರ್ಜ್ ಚುರುಕಾಗಲೆಂದು ನನ್ನ ಯೋಜನೆಯಲ್ಲಿ ಬರೆದುಕೊಟ್ಟದ್ದು ಒಂದು ಕೋಣೆ — ಒರಗುವ ಕುರ್ಚಿಗಳು, ಶೌಚಾಲಯ, ಜೊತೆಗೊಬ್ಬ ನರ್ಸ್. ಅದರಲ್ಲಿ ಉಳಿದದ್ದು ಕುರ್ಚಿ. ಅದೂ ಒರಗಲು ಬಾರದ್ದು.

ಇನ್ನೊಂದು. ಕಂಪ್ಯೂಟರಿನಲ್ಲಿ ಎರಡು ಬಟನ್ ಇಟ್ಟಿದ್ದೆ: ‘ಹಾಸಿಗೆ ಖಾಲಿ’, ‘ರೋಗಿ ಹೊರಗೆ’. ಎರಡನ್ನೂ ಸೇರಿಸಿ ಒಂದು ಮಾಡಿಸಿದ್ದಾರೆ. ಹಾಸಿಗೆ ಬಿಟ್ಟವರೆಲ್ಲ ಮನೆ ಸೇರಿದ ಲೆಕ್ಕ.

ಜುಲೈ 3, ಬುಧವಾರ

ಸೂಪರಿಂಟೆಂಡೆಂಟರನ್ನು ಕೇಳಿದೆ. ಕಾರಿಡಾರಿನಲ್ಲಿ ಕೂತಿರೋರು ಇನ್ನೂ ನಮ್ಮ ರೋಗಿಗಳೇ ಅಲ್ವಾ ಸರ್?

"ಬಸ್ಸಿಂದ ಇಳಿದೋರು ಸ್ಟಾಪಲ್ಲಿ ನಿಂತಿದ್ರೆ ಅದು ಕಂಡಕ್ಟರ್ ತಲೆನೋವಾ ಮೇಡಂ?"

ಸುತ್ತಲಿದ್ದವರು ನಕ್ಕರು. ನನಗೆ ಉತ್ತರ ಹೊಳೆದದ್ದು ಮೆಟ್ಟಿಲಿಳಿದ ಮೇಲೆ. ಇಳಿಸಿದ್ದು ಸ್ಟಾಪಿನಲ್ಲಲ್ಲ, ನಡುದಾರಿಯಲ್ಲಿ.

ಅತ್ತೆಯ ಮಂಡಿ ಆಪರೇಷನ್ ಇಲ್ಲೇ ಆಗಿದೆ. ಶುಕ್ರವಾರ ಬಿಡುತ್ತಾರಂತೆ. ಸಂಜೆ ಹೋದಾಗ ವಾಕರ್ ಹಿಡಿದು ನಿಂತಿದ್ದರು. "ಹೊಸ ಮಂಡಿ ಕಣೇ. ಹಳೇ ಮೈ ಜೊತೆ ಇನ್ನೂ ಹೊಂದ್ಕೊಂಡಿಲ್ಲ, ಹೊಸ ಸೊಸೆ ತರ."

ಜುಲೈ 5, ಶುಕ್ರವಾರ. ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತೂವರೆಗೆ ಸಹಿ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ; ಹನ್ನೆರಡಕ್ಕೆ ಇನ್ಸುಲಿನ್ ಚುಚ್ಚಿದರು, ಊಟ ಈಗ ಬರುತ್ತದೆಂದು. ಐದು ನಿಮಿಷಕ್ಕೆ ಬೇರೆಯವರು ಬಂದು ಅತ್ತೆಯನ್ನು ಕುರ್ಚಿಗೆ ಸಾಗಿಸಿದರು. ನಮ್ಮ ಯಜಮಾನರು ಕೆಳಗೆ ಬಿಲ್ಲಿನ ಸಾಲಿನಲ್ಲಿ. ನಾನು ಮೀಟಿಂಗಿನಲ್ಲಿ — ಚಾರ್ಟಿನ ಹಸಿರು ಇನ್ನೂ ಗಾಢವಾಗಬೇಕೇ ಎಂಬ ಚರ್ಚೆ.

ಊಟದ ಗಾಡಿ ಅತ್ತೆಯ ಮುಂದೆಯೇ ಹಾದುಹೋಯಿತಂತೆ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ಹೇಳಿದ್ದು.

"ನನಗೆಲ್ಲಪ್ಪಾ?" ಗಾಡಿಯವನನ್ನು ಅತ್ತೆ ಕೇಳಿದರಂತೆ.

"ನಿಮ್ಮ ಹೆಸರು ಬಂದಿಲ್ಲ ಅಜ್ಜಿ. ನೀವು ಮನೆಗೆ ಹೋಗಾಯ್ತು."

"ಹಂಗಾದ್ರೆ ಇಲ್ಲಿ ಕೂತಿರೋದು ನನ್ನ ದೆವ್ವನಾ? ಅದಕ್ಕೂ ಹಸಿವಾಗುತ್ತೆ ಕಣಪ್ಪ."

ಕಾರಿಡಾರೆಲ್ಲ ನಕ್ಕಿತಂತೆ. ಆಮೇಲೆ ಸಕ್ಕರೆ ಅಂಶ ಇಳಿದು ಅತ್ತೆಯ ಮಾತು ತೊದಲಿತು. ಬೆವರು. ತಲೆ ವಾಲಿತು. ಹೆಡ್ ಸಿಸ್ಟರ್ ಓಡಿ ಬಂದು ಸ್ಟಾಫ್ ರೂಮಿನ ಸಕ್ಕರೆಯನ್ನು ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಬದುಕಿಕೊಂಡರು.

ವಾರ್ಡಿಗೆ ಮರಳಿ ಸೇರಿಸುವಂತಿಲ್ಲ, ಅವರು ಮನೆಯಲ್ಲಿದ್ದಾರಲ್ಲ! ಗಾಲಿ ಕುರ್ಚಿಯಲ್ಲಿ ಕೆಳಗಿಳಿಸಿ, ಎಮರ್ಜೆನ್ಸಿಯಲ್ಲಿ ಹೊಸದಾಗಿ ಹೆಸರು ಬರೆಸಬೇಕಾಯಿತು. ಬೀದಿಯಿಂದ ಬಂದವರ ಹಾಗೆ.

ಇವರು ಒಂದೇ ಮಾತು ಕೇಳಿದರು: "ಇದು ನಿನ್ನ ಪ್ರಾಜೆಕ್ಟೇ ತಾನೆ?"

ಹೊರಡುವ ಮುಂಚೆ ಅಂಕಿ ತೆಗೆದು ನೋಡಿದೆ. ಅತ್ತೆಯ ಡಿಸ್ಚಾರ್ಜ್: ಒಂದು ಗಂಟೆ ಮೂವತ್ತೈದು ನಿಮಿಷ. ಹಸಿರು.

ಜುಲೈ 11, ಗುರುವಾರ

ಅತ್ತೆ ಮನೆಗೆ ಬಂದು ಮೂರು ದಿನ. ನಿಜವಾಗಿ ಬಂದು.

ಕಳೆದ ವಾರದ್ದನ್ನೆಲ್ಲ ಬರೆದು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟಿದ್ದೆ. ಇವತ್ತು ಕರೆಸಿದರು. "ನಿಮ್ಮನೆಯೋರು ಅಂತ ನಿಮಗೆ ಬೇಜಾರು, ಅರ್ಥ ಆಗುತ್ತೆ. ಒಂದು ಕೇಸಿಗೋಸ್ಕರ ಇಡೀ ಸಿಸ್ಟಂ ಬದಲಾಯಿಸೋಕಾಗುತ್ತಾ?" ಒಂದು ಕೇಸಂತೆ. ನನ್ನ ಮನೆಯವರಲ್ಲದವರು ದಿನವೂ ಅಲ್ಲಿ ಹಸಿದು ಕೂತಿದ್ದಾರೆ. ಅವರಿಗೆ ಬೇಜಾರಾಗಲು ಯಾರನ್ನು ನೇಮಿಸಿದ್ದೀರಿ ಸರ್? ಇಷ್ಟನ್ನೂ ಬಾಯಿಬಿಟ್ಟೇ ಹೇಳಿದೆ. ಅವರು ಫೋನ್ ಎತ್ತಿಕೊಂಡರು.

ನಾಳೆ ಹತ್ತಕ್ಕೆ ಬೇರೆ ಆಸ್ಪತ್ರೆಗಳ ಮುಖ್ಯಸ್ಥರು ನಮ್ಮ ಹಸಿರು ಬೋರ್ಡು ನೋಡಲು ಬರುತ್ತಾರೆ. ಒಪ್ಪಿದರೆ ಇದೇ ಸಿಸ್ಟಂ ಅವರಲ್ಲೂ. ಇದೇ ಕುರ್ಚಿಗಳು. ನಾಳೆ ಸಂಜೆಯೇ ನಾನು ಎಲ್ಲವನ್ನೂ ಆಸ್ಪತ್ರೆಯವರಿಗೆ ವಹಿಸಿಕೊಟ್ಟು ಸಹಿ ಹಾಕಬೇಕು. ಅಲ್ಲಿಯವರೆಗೆ ತಿದ್ದುವ ಅಧಿಕಾರ ನನ್ನದೇ.

ಅತ್ತೆಗೆ ಹೇಳಿದೆ. ಕಾಲಿಗೆ ಐಸ್ ಇಟ್ಟುಕೊಂಡು ಕೇಳಿಸಿಕೊಂಡರು. "ನನ್ನ ಸೊಸೆ ಬಾಯಿ ಸತ್ತೋಳು ಅಂತ ಕಂಡೋರ ಹತ್ರ ಎಲ್ಲ ಹೊಗಳಿದೀನಿ. ನನ್ನ ಮಾತು ಉಳಿಸಬೇಕು ಅಂತೇನಿಲ್ಲ."

ನಿರ್ಧಾರವಾಗಿದೆ. ಬೆಳಿಗ್ಗೆ ಏಳಕ್ಕೆ ಹೋಗಿ ಎರಡು ಬಟನ್‌ಗಳನ್ನು ಮತ್ತೆ ಬೇರೆ ಮಾಡುತ್ತೇನೆ. ಗಡಿಯಾರ ನಿಲ್ಲುವುದು ಹಾಸಿಗೆಯ ಬಳಿಯಲ್ಲ, ಗೇಟಿನ ಬಳಿ. ಕುರ್ಚಿಯಲ್ಲಿ ಕೂತವರು ರೋಗಿಗಳಾಗಿಯೇ ಉಳಿಯುತ್ತಾರೆ. ಅಡುಗೆಮನೆಗೂ ಕಾಣುತ್ತಾರೆ. ಹತ್ತಕ್ಕೆ ಬೋರ್ಡು ಪೂರ್ತಿ ಕೆಂಪು.

ಕದ್ದು ಮಾಡುವ ಕೆಲಸವಲ್ಲ. ಮೊದಲು ಎಲ್ಲರಿಗೂ ಮೇಲ್, ನನ್ನ ಹೆಸರಿನಲ್ಲಿ. ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಇವರಿಗೂ ಇನ್ನೂ ಹೇಳಿಲ್ಲ. ಹೇಳಿದರೆ ನೌಕರಿಯ ಮಾತು ಬರುತ್ತದೆ. ಬರಲಿ. ಮೊದಲು ಆ ಊಟದ ಗಾಡಿ ಕಾರಿಡಾರಿನಲ್ಲಿ ನಿಂತು, ಕುರ್ಚಿಯಲ್ಲಿ ಕೂತವರ ಹೆಸರು ಕೂಗಲಿ.